ಮುಂಬೈ ಮ್ಯೂಸಿಯಂ ಸುತ್ತಾಟ, ಜೊತೆಗೆ ಕೈಗೆಟುಕೋ ಊಟ: ಪ್ಲ್ಯಾನ್ ಹೀಗೆ ಮಾಡ್ಕೊಳ್ಳಿ

ನಮ್ ಕಡೆಯಿಂದ ಮುಂಬೈಗೆ ಹೋಗೋರು ಸಾಮಾನ್ಯವಾಗಿ ಗೇಟ್‌ವೇ, ಮರೀನ್ ಡ್ರೈವ್, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಸಂಜೆ ಜುಹು ಬೀಚು, ಇಷ್ಟು ನೋಡ್ಕೊಂಡು ವಾಪಸ್ ಟ್ರೈನ್ ಹತ್ತಿಬಿಡ್ತಾರೆ. ಮ್ಯೂಸಿಯಂ ಅಂದ್ರೆ "ಟೈಮ್ ಉಳಿದ್ರೆ ನೋಡೋಣ" ಅನ್ನೋ ಲೆಕ್ಕ, ಆಮೇಲೆ ಸಾಯಂಕಾಲ ನಾಲ್ಕೂವರೆಗೆ ಹಸಿದ ಮಕ್ಕಳನ್ನ ಎಳ್ಕೊಂಡು ಒಳಗೆ ಹೋಗಿ ಅರ್ಧ ಗಂಟೇಲಿ ಹೊರಗೆ ಬಂದು, ಎದುರಿಗೆ ಸಿಕ್ಕಿದ ಎಸಿ ರೆಸ್ಟೋರೆಂಟ್‌ನಲ್ಲಿ ನಾಲ್ಕು ಜನಕ್ಕೆ ಎರಡು ಸಾವಿರ ಬಿಲ್ ಕೊಡೋದು. ಇದು ತುಂಬಾ ಬೇಜಾರಿನ ವಿಷಯ, ಯಾಕಂದ್ರೆ ಕನ್ನಡದವರು ನಿಂತು ನೋಡ್ಲೇಬೇಕಾದ ಒಂದಷ್ಟು ವಸ್ತುಗಳು ಮುಂಬೈ ಮ್ಯೂಸಿಯಂಗಳಲ್ಲಿವೆ, ಮತ್ತೆ ಇಡೀ ಊರಲ್ಲಿ ಕಮ್ಮಿ ದುಡ್ಡಿಗೆ ಒಳ್ಳೆ ಸಸ್ಯಾಹಾರಿ ಊಟ ಕೊಡೋ ಸಂಪ್ರದಾಯ ಕಟ್ಟಿದವರೇ ನಮ್ಮ ಉಡುಪಿ ಕಡೆಯವರು.

ನಾನು ಹೇಳೋದು ಒಂದೇ ವಿಷಯ. ಮ್ಯೂಸಿಯಂ ಲಿಸ್ಟ್ ಬೇರೆ, ಹೋಟೆಲ್ ಲಿಸ್ಟ್ ಬೇರೆ ಮಾಡ್ಕೋಬೇಡಿ. ಎರಡನ್ನೂ ಒಂದೇ ರೈಲ್ವೆ ಲೈನ್ ಮೇಲೆ ಜೋಡಿಸಿ. ಮೊದ್ಲು ಆ ದಿನ ಎಲ್ಲಿ ಊಟ ಅಂತ ಫಿಕ್ಸ್ ಮಾಡಿ, ಆಮೇಲೆ ಊಟದ ಟೈಮಿಗೆ ಅಲ್ಲಿಗೆ ತಲುಪೋ ಹಾಗೆ ಮ್ಯೂಸಿಯಂ ಇಟ್ಕೊಳ್ಳಿ. ಮ್ಯೂಸಿಯಂ ಬೆಳಿಗ್ಗೆಯಿಂದ ಸಂಜೆ ತನಕ ತೆಗೆದಿರುತ್ತೆ, ಉಡುಪಿ ಹೋಟೆಲ್‌ಗಳಿರೋ ಮಾಟುಂಗಾ ಏರಿಯಾದ ಎಲೆ ಊಟ ಮಧ್ಯಾಹ್ನ ಎರಡೂವರೆ ಮೇಲೆ ಸಿಗಲ್ಲ. ಬಗ್ಗಬೇಕಾದ್ದು ಮ್ಯೂಸಿಯಂ ಟೈಮೇ.

ಹೆಜ್ಜೆ 1: ಟಿಕೆಟ್ ಬುಕ್ ಮಾಡೋಕೆ ಮುಂಚೆ ವಾರದ ರಜೆ ನೋಡಿ

ಇದನ್ನ ಬಿಟ್ರೆ ಉಳಿದಿದ್ದೆಲ್ಲ ವ್ಯರ್ಥ. ನೆನಪಿಟ್ಕೊಳ್ಳೋಕೆ ಸುಲಭ ಸೂತ್ರ: ಬುಧವಾರ ಭಾಯ್ಖಳಾ ಬಂದ್, ಸೋಮವಾರ ಮಿಕ್ಕ ಹೆಚ್ಚಿನವು ಬಂದ್.

ಭಾಯ್ಖಳಾದ, ಅಂದ್ರೆ ಬೈಕುಲ್ಲಾದ, ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಬುಧವಾರ ಇರಲ್ಲ, ಪಕ್ಕದ ರಾಣಿ ಬಾಗ್ ಅಂದ್ರೆ ಜೀಜಾಮಾತಾ ಉದ್ಯಾನಕ್ಕೂ ಅವತ್ತೇ ರಜೆ. ಸೋಮವಾರ ಎನ್‌ಜಿಎಂಎ (ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ), ಪೆಡ್ಡರ್ ರೋಡಿನ ಸಿನಿಮಾ ಮ್ಯೂಸಿಯಂ, ರಿಸರ್ವ್ ಬ್ಯಾಂಕಿನ ನಾಣ್ಯ ಮ್ಯೂಸಿಯಂ, ಎಲಿಫೆಂಟಾ ಗುಹೆ ಎಲ್ಲಾ ಬಂದ್. ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ, ಅಂದ್ರೆ ಹಳಬರು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಅಂತ ಕರೆಯೋದು, ಅದು ಸೋಮವಾರವೂ ತೆಗೆದಿರುತ್ತೆ, ವರ್ಷದಲ್ಲಿ ಕೆಲವೇ ದಿನ ರಜೆ. ಮುಂದೆ ನಾನು 'ದೊಡ್ಡ ಮ್ಯೂಸಿಯಂ' ಅನ್ನೋದು ಇದನ್ನೇ. ಇನ್ನೊಂದು ವಿಷಯ ಎಲ್ಲರೂ ಮರೀತಾರೆ, ಊಟದ ಹೋಟೆಲ್‌ಗಳಿಗೂ ವಾರದ ರಜೆ ಇದೆ: ಮಾಟುಂಗಾದ ರಾಮ ನಾಯಕ್ ಮತ್ತು ಕೆಫೆ ಮದ್ರಾಸ್ ಎರಡೂ ಸೋಮವಾರ ಬಾಗಿಲು ಹಾಕಿರುತ್ತೆ. ಹಾಗಾಗಿ ಶುಕ್ರವಾರ ರಾತ್ರಿ ಹೊರಟು ಶನಿ, ಭಾನು, ಸೋಮ ಅಂತ ಲಾಂಗ್ ವೀಕೆಂಡ್ ಪ್ಲ್ಯಾನ್ ಮಾಡೋರಿಗೆ ಸೋಮವಾರ ಅರ್ಧ ಹೋದ ಹಾಗೆ. ಸಾಧ್ಯ ಇದ್ರೆ ಗುರುವಾರ, ಶುಕ್ರವಾರ, ಶನಿವಾರ ಇಟ್ಕೊಳ್ಳಿ, ಈ ಮೂರು ದಿನ ಎಲ್ಲಾ ತೆಗೆದಿರುತ್ತೆ. ರಿಪೇರಿ, ವಿಐಪಿ ಭೇಟಿ ಅಂತ ಯಾವಾಗಾದ್ರೂ ಮುಚ್ಚೋದು ಇದ್ದೇ ಇದೆ, ಅದಕ್ಕೆ ಹಿಂದಿನ ದಿನ ಮ್ಯೂಸಿಯಂ ವೆಬ್‌ಸೈಟಲ್ಲೊಮ್ಮೆ ನೋಡ್ಕೊಳ್ಳಿ.

ಭಾನುವಾರದ ಬಗ್ಗೆ ಎರಡು ಮಾತು. ಒಂದು, ಲೋಕಲ್ ಟ್ರೈನ್ ಲೈನುಗಳಲ್ಲಿ ಮೆಗಾ ಬ್ಲಾಕ್ ಅಂತ ರಿಪೇರಿಗೆ ಹಗಲಲ್ಲಿ ಕೆಲವು ಗಂಟೆ ಟ್ರೈನ್ ಕಮ್ಮಿ ಮಾಡ್ತಾರೆ, ಯಾವ ಲೈನು ಅಂತ ಹಿಂದಿನ ದಿನವೇ ಪೇಪರ್‌ನಲ್ಲಿ ಬಂದಿರುತ್ತೆ. ಎರಡು, ಫೋರ್ಟ್ ಏರಿಯಾ ಅಂದ್ರೆ ಆಫೀಸ್ ಏರಿಯಾ, ಅಲ್ಲಿ ಸಸ್ತಾ ಊಟದ ಜಾಗಗಳೆಲ್ಲ ಆಫೀಸಿನವರನ್ನ ನಂಬ್ಕೊಂಡು ನಡೆಯೋದು, ಭಾನುವಾರ ಅದರಲ್ಲಿ ಸುಮಾರು ಮುಚ್ಚಿರುತ್ತೆ. ಆದ್ರಿಂದ ಫೋರ್ಟ್ ಕಡೆ ಮ್ಯೂಸಿಯಂ ವಾರದ ದಿನ ಇಟ್ಕೊಂಡ್ರೆ ಊಟದ ಖರ್ಚು ಸೀದಾ ಅರ್ಧ ಆಗುತ್ತೆ.

ಹೆಜ್ಜೆ 2: ಉಳ್ಕೊಳ್ಳೋದು ಎಲ್ಲಿ

ಕೊಲಾಬಾದಲ್ಲಿ ರೂಮ್ ಮಾಡಿದ್ರೆ ದೊಡ್ಡ ಮ್ಯೂಸಿಯಂ ನಡೆಯೋ ದೂರ, ಆದ್ರೆ ರೂಮ್ ಬಾಡಿಗೆ ಜಾಸ್ತಿ, ಬೆಳಿಗ್ಗೆ ತಿಂಡಿಗೂ ಪರದಾಟ. ನನ್ನ ಓಟು ದಾದರ್–ಮಾಟುಂಗಾ–ಸಯನ್ ಕಡೆಗೆ. ದಾದರ್‌ನಲ್ಲಿ ಸೆಂಟ್ರಲ್, ವೆಸ್ಟರ್ನ್ ಎರಡೂ ಲೈನ್ ಸಿಗುತ್ತೆ, ಮಾಟುಂಗಾ ಒಂದೇ ಸ್ಟೇಷನ್ ದೂರ, ಬೆಳಿಗ್ಗೆ ಐದಕ್ಕೇ ಇಡ್ಲಿ ಬೇಯೋ ಏರಿಯಾ ಅದು.

ಒಂದು ಎಚ್ಚರ: ಮಂಗಳೂರು ಕಡೆಯಿಂದ ಮತ್ಸ್ಯಗಂಧ ಟ್ರೈನಲ್ಲಿ ಬಂದ್ರೆ ನೀವು ಇಳಿಯೋದು ಎಲ್‌ಟಿಟಿ, ಅಂದ್ರೆ ಕುರ್ಲಾ ಹತ್ರದ ಲೋಕಮಾನ್ಯ ತಿಲಕ್ ಟರ್ಮಿನಸ್. ಅಲ್ಲಿ ಆಟೋ ಸಿಗುತ್ತೆ, ಆದ್ರೆ ಮುಂಬೈನಲ್ಲಿ ಸಯನ್ ಮತ್ತು ಮಾಹಿಮ್ ದಾಟಿ ದಕ್ಷಿಣಕ್ಕೆ ಆಟೋಗೆ ಪರ್ಮಿಷನ್ ಇಲ್ಲ, ಮಾಟುಂಗಾ ಅಂದ್ರೆ "ನಹೀ ಜಾಯೇಗಾ" ಅಂತಾರೆ, ಜಗಳ ಆಡಿ ಉಪಯೋಗ ಇಲ್ಲ. ಕಾಲಿ ಪೀಲಿ ಟ್ಯಾಕ್ಸಿ ಹಿಡೀರಿ ಅಥವಾ ಲಗೇಜ್ ಕಮ್ಮಿ ಇದ್ರೆ ಕುರ್ಲಾ ಸ್ಟೇಷನ್‌ಗೆ ಹೋಗಿ ಸ್ಲೋ ಲೋಕಲ್ ಹತ್ತಿ, ಕುರ್ಲಾ ಆದ್ಮೇಲೆ ಸಯನ್, ಅದಾದ್ಮೇಲೆ ಮಾಟುಂಗಾ. ಬೆಂಗಳೂರಿಂದ ಉದ್ಯಾನ್‌ನಲ್ಲಿ ಬರೋರು ದಾದರ್‌ನಲ್ಲೇ ಇಳ್ಕೊಂಡ್ಬಿಡಿ, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳೇ ವಿಟಿ) ತನಕ ಹೋಗಿ ಮತ್ತೆ ವಾಪಸ್ ಬರೋ ಕೆಲಸ ಇಲ್ಲ.

ಹೆಜ್ಜೆ 3: ಲೋಕಲ್ ಟ್ರೈನ್ ಲೆಕ್ಕ

ಸೆಕೆಂಡ್ ಕ್ಲಾಸ್ ಲೋಕಲ್ ಟಿಕೆಟ್ ಶುರುವಾಗೋದು 5 ರೂಪಾಯಿಂದ, ದಾದರ್‌ನಿಂದ ಸಿಎಸ್‌ಎಂಟಿಗೂ ಅಷ್ಟೇ. 'ಬೆಸ್ಟ್' ಅನ್ನೋ ಮುಂಬೈ ಸಿಟಿ ಬಸ್ಸಿಗೆ ಮಿನಿಮಮ್ 10, ಎಸಿ ಬಸ್ಸಿಗೆ 12. ಮೆಟ್ರೋ ಮೂರನೇ ಲೈನ್, ಅದೇ ನೆಲದೊಳಗೆ ಹೋಗೋ ಆಕ್ವಾ ಲೈನ್, 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್ ತನಕ ಪೂರ್ತಿ ಶುರು ಆಯ್ತು, ದುಡ್ಡು ಸ್ವಲ್ಪ ಜಾಸ್ತಿ ಆದ್ರೂ ವಯಸ್ಸಾದವರು ಜೊತೆಗಿದ್ರೆ ಇದೇ ಬೆಸ್ಟು, ದಾದರ್‌ನಲ್ಲಿ ಹತ್ತಿ ಸಿಎಸ್‌ಎಂಟಿ ಅಥವಾ ಹುತಾತ್ಮಾ ಚೌಕ್‌ನಲ್ಲಿ ಇಳೀಬಹುದು.

ಮಾಟುಂಗಾದಲ್ಲಿ ಸ್ಲೋ ಟ್ರೈನ್ ಮಾತ್ರ ನಿಲ್ಲುತ್ತೆ, ಇಂಡಿಕೇಟರ್‌ನಲ್ಲಿ 'ಎಸ್' ಅಂತ ತೋರಿಸುತ್ತೆ. ಬೆಳಿಗ್ಗೆ ಎಂಟರಿಂದ ಹತ್ತರ ತನಕ ಸಿಎಸ್‌ಎಂಟಿ ಕಡೆ ಹೋಗೋ ಟ್ರೈನ್‌ಗಳಲ್ಲಿ ಕಾಲಿಡೋಕೆ ಜಾಗ ಇರಲ್ಲ. ನಿಮಗೆ ಆ ಹೊತ್ತಲ್ಲಿ ಹೋಗೋ ಅಗತ್ಯವೂ ಇಲ್ಲ, ದೊಡ್ಡ ಮ್ಯೂಸಿಯಂ ತೆಗೆಯೋದೇ ಹತ್ತೂಕಾಲಿಗೆ, ಹಾಗಾಗಿ ರಶ್ ಹೊತ್ತಲ್ಲಿ ನಿಧಾನಕ್ಕೆ ತಿಂಡಿ ತಿನ್ನಿ. ಸಂಜೆ ವಾಪಸ್ ಬರೋವಾಗ ಉಲ್ಟಾ ರಶ್, ಆದ್ರೆ ಸಿಎಸ್‌ಎಂಟಿಯಿಂದಲೇ ಟ್ರೈನ್ ಹೊರಡೋದ್ರಿಂದ ಎರಡು ಟ್ರೈನ್ ಬಿಟ್ಟು ಮೂರನೇದಕ್ಕೆ ಕಾದ್ರೆ ಸೀಟ್ ಸಿಗುತ್ತೆ.

ಹೆಜ್ಜೆ 4: ಮೊದಲ ದಿನ, ದೊಡ್ಡ ಮ್ಯೂಸಿಯಂ

ತಿಂಡಿ ಮಾಟುಂಗಾ ಸ್ಟೇಷನ್ ಪೂರ್ವಕ್ಕಿರೋ ರಾಮ್ ಆಶ್ರಯದಲ್ಲಿ. 1939ರ ಹೋಟೆಲು, ಬೆಳಿಗ್ಗೆ ಐದಕ್ಕೇ ತೆಗೀತಾರೆ. ದಿನಾ ಒಂದೊಂದು ಥರ ಶೀರಾ ಇರುತ್ತೆ, ಮುಂಬೈನಲ್ಲಿ ಕೇಸರಿಬಾತ್‌ನ ಶೀರಾ ಅಂತಲೇ ಕೇಳಬೇಕು, ಪೈನಾಪಲ್ ಇದ್ದ ದಿನ ಬಿಡಬೇಡಿ. ಟೇಬಲ್ ಹಂಚ್ಕೊಂಡು ಕೂರಬೇಕು, ತಿಂದ ಕೂಡ್ಲೇ ಎದ್ದೇಳಬೇಕು, ಅದು ಅಲ್ಲಿಯ ಪದ್ಧತಿ. ಇಲ್ಲಿ ಹೊಟ್ಟೆ ಗಟ್ಟಿಯಾಗಿ ತುಂಬಿಸ್ಕೊಳ್ಳಿ, ಯಾಕಂದ್ರೆ ಮ್ಯೂಸಿಯಂನಲ್ಲಿ ಮೂರು ಗಂಟೆ ನಿಂತೇ ಇರ್ತೀರ.

ಸಿಎಸ್‌ಎಂಟಿನಲ್ಲಿ ಇಳಿದು ನಡ್ಕೊಂಡು ಹೋಗಿ, ನಿಧಾನ ನಡೆದ್ರೂ ಅರ್ಧ ಗಂಟೆ ಸಾಕು. ಸ್ಟೇಷನ್ನೇ ಒಂದು ಮ್ಯೂಸಿಯಂ ಥರ ಇದೆ, ಸ್ಟೀವನ್ಸ್ ಅನ್ನೋ ಆರ್ಕಿಟೆಕ್ಟ್ ವಿನ್ಯಾಸ, 1888ರಲ್ಲಿ ಮುಗೀತು, 2004ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು. ರಸ್ತೆ ದಾಟಿ ಎದುರುಗಡೆ ನಿಂತು ತಲೆಯೆತ್ತಿ ನೋಡಿ, ಒಳಗಿಂದ ಗೊತ್ತಾಗಲ್ಲ.

ಮ್ಯೂಸಿಯಂ ಟಿಕೆಟ್ ದೊಡ್ಡವರಿಗೆ ನೂರೈವತ್ತರ ಆಸುಪಾಸು, ಮಕ್ಕಳಿಗೂ ವಿದ್ಯಾರ್ಥಿಗಳಿಗೂ ಕಮ್ಮಿ, ಕಾಲೇಜ್ ಐಡಿ ಕಾರ್ಡ್ ಕೈಲಿರಲಿ. ದೊಡ್ಡ ಬ್ಯಾಗ್ ಇದ್ರೆ ಕೌಂಟರ್‌ನಲ್ಲಿ ಇಟ್ಟು ಹೋಗಬೇಕು, ಅದಕ್ಕೆ ಚಿಕ್ಕ ಚೀಲ ತಗೊಂಡು ಹೋಗಿ. ಕಟ್ಟಡದ ವಿನ್ಯಾಸ ಜಾರ್ಜ್ ವಿಟೆಟ್‌ದು, ಗೇಟ್‌ವೇ ಆಫ್ ಇಂಡಿಯಾ ಮಾಡಿದ್ದೂ ಅವರೇ. 1905ರಲ್ಲಿ ಅಡಿಗಲ್ಲು ಇಟ್ಟಿದ್ದು, ನಡುವೆ ಮೊದಲ ಮಹಾಯುದ್ಧದಲ್ಲಿ ಮಿಲಿಟರಿ ಆಸ್ಪತ್ರೆ ಆಗಿತ್ತು, ಜನರಿಗೆ ತೆಗೆದಿದ್ದು 1922ರಲ್ಲಿ.

ಈಗ ಮುಖ್ಯ ವಿಷಯ, ಒಳಗೆ ಏನು ನೋಡ್ಬೇಕು. ಎಲ್ಲಾ ಗ್ಯಾಲರಿ ನೋಡ್ತೀನಿ ಅಂತ ಹೊರಟ್ರೆ ಮಧ್ಯಾಹ್ನಕ್ಕೆ ಯಾವುದೂ ತಲೇಲಿ ಉಳಿಯಲ್ಲ. ಐದಾರು ವಸ್ತು ಆರಿಸ್ಕೊಂಡು ಒಂದೊಂದರ ಮುಂದೆ ಹತ್ತು ನಿಮಿಷ ನಿಲ್ಲಿ. ನನ್ನ ಕೇಳಿದ್ರೆ ನೆಲಮಹಡಿಯ ಶಿಲ್ಪಗಳ ಗ್ಯಾಲರಿಯಿಂದ ಶುರು ಮಾಡಿ, ಅಲ್ಲಿ ಐಹೊಳೆಯಿಂದ ಬಂದ ಚಾವಣಿ ಕಲ್ಲುಗಳಿವೆ, ಬಾದಾಮಿ ಚಾಲುಕ್ಯರ ಕಾಲದ್ದು, ಹುಚ್ಚಪ್ಪಯ್ಯನ ಗುಡಿ–ಮಠದ ಕಡೆಯವು. ಬ್ರಹ್ಮ ಕೂತಿದ್ದಾನೆ, ಸುತ್ತ ಋಷಿಗಳು. ಇನ್ನೊಂದರಲ್ಲಿ ಶೇಷಶಾಯಿ ವಿಷ್ಣು. ಐಹೊಳೆ, ಬಾದಾಮಿ ನೋಡಿದವರಿಗೆ ಗೊತ್ತು, ಚಾವಣಿಯಲ್ಲಿರೋ ಶಿಲ್ಪ ನೋಡ್ಬೇಕಂದ್ರೆ ಅರೆಗತ್ತಲಲ್ಲಿ ಕತ್ತು ಹಿಂದಕ್ಕೆ ಬಗ್ಗಿಸಿ ನಿಲ್ಲಬೇಕು, ಎರಡು ನಿಮಿಷಕ್ಕೇ ಕತ್ತು ನೋಯುತ್ತೆ. ಇಲ್ಲಿ ಅದೇ ಕಲ್ಲು ಗೋಡೆಗೆ ನಿಲ್ಲಿಸಿದ್ದಾರೆ, ಕಣ್ಣಿನ ಮಟ್ಟಕ್ಕೆ, ಒಂದು ಮೊಳ ದೂರದಿಂದ ಋಷಿಗಳ ಗಡ್ಡ, ಜಟೆ, ಕೈಬೆರಳು ನೋಡ್ಬಹುದು. ಶಿಲ್ಪಿ ಇಷ್ಟು ಹತ್ರದಿಂದ ಯಾರೂ ನೋಡಲ್ಲ ಅಂತ ಗೊತ್ತಿದ್ದೂ ಅಷ್ಟು ನಾಜೂಕಾಗಿ ಕೆತ್ತಿದ್ದಾನೆ. ಆ ಕಲ್ಲು ಊರಲ್ಲೇ ಇರಬೇಕಿತ್ತು ಅಂತ ಅನ್ಸುತ್ತೆ, ಖಂಡಿತ ಅನ್ಸುತ್ತೆ, ಆದ್ರೂ ಅಲ್ಲಿ ನಿಂತಾಗ ಚಾಲುಕ್ಯರ ಕೈಕೆಲಸ ಇಷ್ಟು ಹತ್ರ ಸಿಕ್ಕಿದ್ದು ದೊಡ್ಡದು ಅಂತಲೂ ಅನ್ಸುತ್ತೆ.

ಎರಡನೇದು ಶ್ರವಣಬೆಳಗೊಳದ ಕಂಚಿನ ಬಾಹುಬಲಿ. ಬೆಟ್ಟದ ಮೇಲಿನ ಗೊಮ್ಮಟನ್ನ ನಿಲ್ಲಿಸಿದ್ದು ಸುಮಾರು ಕ್ರಿ.ಶ. 981ರಲ್ಲಿ ಅಂತಾರಲ್ಲ, ಈ ಚಿಕ್ಕ ಕಂಚಿನ ಮೂರ್ತಿ ಅದಕ್ಕಿಂತ ಹಳೇದು. ಕಾಲಿಗೆ, ತೋಳಿಗೆ ಬಳ್ಳಿ ಹಬ್ಬಿದೆ. ಆದ್ರೆ ಕೂದಲು ನೋಡಿ: ಬೆಟ್ಟದ ಮೇಲಿನವನಿಗೆ ಗುಂಗುರು ಕೂದಲು, ಇವನಿಗೆ ಹಿಂದಕ್ಕೆ ಬಾಚಿದ ಹಾಗಿದ್ದು ಹೆಗಲ ಮೇಲೆ ಎಳೆ ಎಳೆಯಾಗಿ ಇಳಿಬಿದ್ದಿದೆ. ವಸ್ತುಗಳನ್ನ ಆಗಾಗ ಜಾಗ ಬದಲಾಯಿಸ್ತಾರೆ, ಪ್ರದರ್ಶನಕ್ಕೆ ಕಳಿಸ್ತಾರೆ, ಸಿಗಲಿಲ್ಲ ಅಂದ್ರೆ ಗಾರ್ಡ್‌ನ ಕೇಳಿ, "ಬಾಹುಬಲಿ ಕಿಧರ್" ಅಂದ್ರೆ ಸಾಕು.

ಆಮೇಲೆ ಸಿಂಧ್‌ನ ಮೀರ್‌ಪುರ್ ಖಾಸ್‌ನ ಸುಟ್ಟ ಮಣ್ಣಿನ ಬುದ್ಧ, ಇರಾಕಿನ ನಿಮ್ರೂದ್ ಅರಮನೆಯಿಂದ ಬಂದ ಅಸ್ಸೀರಿಯಾದ ಕಲ್ಲಿನ ಫಲಕಗಳು, ಮಿನಿಯೇಚರ್ ಚಿತ್ರಗಳು, ಅಕ್ಬರನ ಎದೆಕವಚ. ಟಾಟಾ ಸಹೋದರರು ರತನ್ ಮತ್ತು ದೊರಾಬ್ ಕೊಟ್ಟ ಸಂಗ್ರಹ ಮೇಲಿನ ಮಹಡಿಗಳಲ್ಲಿದೆ, ಚೀನಾ ಜಪಾನ್ ಪಿಂಗಾಣಿ ಇಷ್ಟ ಇದ್ರೆ ಹೋಗಿ, ಇಲ್ಲಾಂದ್ರೆ ಬಿಡಿ.

ಊಟಕ್ಕೆ ಒಂದೂವರೆ ಸುಮಾರಿಗೆ ಹೊರಗೆ ಬರಬೇಡಿ. ಒಂದರಿಂದ ಎರಡರ ತನಕ ಫೋರ್ಟ್ ಪೂರ್ತಿ ಆಫೀಸಿನವರು ರಸ್ತೆಗೆ ಇಳಿದಿರ್ತಾರೆ. ಹನ್ನೆರಡೂಕಾಲಿಗೆ ಬನ್ನಿ ಅಥವಾ ಎರಡು ದಾಟಿಸಿ. ಮೀನು ತಿನ್ನೋರಿದ್ರೆ ಫೋರ್ಟ್‌ನ ಒಳಗಲ್ಲಿಗಳಲ್ಲಿ 'ಲಂಚ್ ಹೋಮ್' ಅಂತ ಬೋರ್ಡ್ ಇರೋದನ್ನ ಹುಡುಕಿ, ತುಂಬಾ ಕಡೆ ಮಂಗಳೂರು ಕಡೆಯವರ ಹೋಟೆಲ್‌ಗಳೇ. ಇವುಗಳಲ್ಲಿ ಎರಡು ಥರ ಇದೆ, ಸಿನಿಮಾದವರು ಬಂದು ಫೋಟೋ ಹಾಕಿಸಿರೋ ಜಾಗ ದುಬಾರಿ, ಗೋಡೆ ಮೇಲೆ ಬರೀ ದೇವರ ಫೋಟೋ, ಬಾಗಿಲಲ್ಲಿ ಆಫೀಸ್ ಐಡಿ ಕಾರ್ಡ್ ಹಾಕ್ಕೊಂಡಿರೋರ ಸಾಲು ಇದ್ರೆ ಅದು ನಮ್ಮ ಜಾಗ. ಮೆನು ಕೈಗೆ ತಗೊಂಡ್ರೆ ಪಾಂಫ್ರೆಟ್, ಸುರ್ಮಯಿ ಕಾಣಿಸುತ್ತೆ, ಅಲ್ಲೇ ಬಿಲ್ ಏರೋದು, ಬಂಗುಡೆ ಇಲ್ಲಾ ಬೊಳೆಂಜಿರ್ ಊಟ ಕೇಳಿ. ಸಸ್ಯಾಹಾರಿಗಳು ಸಿಎಸ್‌ಎಂಟಿ ಹತ್ರದ ಪಂಚಮ್ ಪೂರಿವಾಲಾಗೆ ಹೋಗಿ, ಪೂರಿ ಭಾಜಿ ಬಿಸಿಬಿಸಿ, ಹಳೇ ಜಾಗ, ಕೂತ್ಕೊಳ್ಳೋಕೆ ಇಕ್ಕಟ್ಟು. ಉಡುಪಿ ಹೋಟೆಲ್ ಸಿಕ್ಕಿದ್ರೆ 'ರೈಸ್ ಪ್ಲೇಟ್' ಕೇಳಿ, ಮುಂಬೈನಲ್ಲಿ ಕಮ್ಮಿ ದರದ ಪೂರ್ತಿ ಊಟ ಅಂದ್ರೆ ಅದು.

ಮಧ್ಯಾಹ್ನ ಮತ್ತೆ ಕಾಲಾ ಘೋಡಾಕ್ಕೆ, ಅಂದ್ರೆ ದೊಡ್ಡ ಮ್ಯೂಸಿಯಂ ಇರೋ ಏರಿಯಾಗೆ, ವಾಪಸ್. ಜಹಾಂಗೀರ್ ಆರ್ಟ್ ಗ್ಯಾಲರಿ ಪೂರ್ತಿ ಫ್ರೀ, 1952ರದ್ದು, ಕಲಾವಿದರು ಖುದ್ದು ಅಲ್ಲೇ ಕೂತಿರ್ತಾರೆ, ಮಾತಾಡಿಸಿದ್ರೆ ಖುಷಿಯಿಂದ ಹೇಳ್ತಾರೆ. ರಸ್ತೆ ಆಚೆ ಎನ್‌ಜಿಎಂಎ, ಟಿಕೆಟ್ 20 ರೂಪಾಯಿ. ಉಡುಪಿ ಹತ್ರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರ್ ಓದಿದ್ದು, ಕಲಿಸಿದ್ದು ಎರಡೂ ಇಲ್ಲೇ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ, ಕೊನೆ ತನಕ ಇದ್ದಿದ್ದೂ ಮುಂಬೈನಲ್ಲೇ. ಅವರ ಚಿತ್ರ ಪ್ರದರ್ಶನದಲ್ಲಿದ್ರೆ ತಪ್ಪಿಸ್ಕೋಬೇಡಿ, ಆ ಗೆರೆಯಲ್ಲಿ ಕುಣಿತ ಇರುತ್ತೆ. ಫೆಬ್ರವರಿ ಸುಮಾರಿಗೆ ಹೋಗೋರಿಗೆ ಕಾಲಾ ಘೋಡಾ ಆರ್ಟ್ಸ್ ಫೆಸ್ಟಿವಲ್ ಸಿಗಬಹುದು, ಅದೂ ಫ್ರೀ, ಆದ್ರೆ ಜನಜಂಗುಳಿ ಹೆಚ್ಚು.

ಅಲ್ಲೇ ಸವಾರ ಇಲ್ಲದ ಒಂದು ಕಪ್ಪು ಕುದುರೆ ನಿಂತಿದೆ, 2017ರಲ್ಲಿ ಇಟ್ಟಿದ್ದು. ಅದನ್ನ ನೋಡಿ ನೆನಪಿಟ್ಕೊಳ್ಳಿ, ನಾಳೆ ಬೇಕಾಗುತ್ತೆ.

ಸಂಜೆ ಹಸಿವಿಗೆ ಸಿಎಸ್‌ಎಂಟಿ ಎದುರು ಆರಾಮ್‌ನ ವಡಾ ಪಾವ್, ಇಲ್ಲಾ ಕೆನನ್‌ನ ಪಾವ್ ಭಾಜಿ. ಬೀದಿಯಲ್ಲಿ ವಡಾ ಪಾವ್ 20–30 ರೂಪಾಯಿಗೆ ಸಿಗುತ್ತೆ, ಕಟಿಂಗ್ ಚಹಾ ಜೊತೆಗೆ ಹೊಡೆದ್ರೆ ರಾತ್ರಿ ಊಟ ಲೇಟಾದ್ರೂ ನಡೆಯುತ್ತೆ.

ಹೆಜ್ಜೆ 5: ಎರಡನೇ ದಿನ, ಭಾಯ್ಖಳಾ ಮತ್ತು ಎಲೆ ಊಟ

ಇಡೀ ಟ್ರಿಪ್‌ನಲ್ಲಿ ನನಗೆ ಅಚ್ಚುಮೆಚ್ಚಿನ ದಿನ ಇದು, ದುಡ್ಡೂ ಅತಿ ಕಮ್ಮಿ ಖರ್ಚಾಗೋದು ಇವತ್ತೇ. ತಿಂಡಿ ಇವತ್ತು ಲೈಟಾಗಿರಲಿ, ಎರಡು ಇಡ್ಲಿ, ಒಂದು ಕಾಫಿ, ಅಷ್ಟೇ.

ಹತ್ತು ಗಂಟೆಗೆ ಭಾಯ್ಖಳಾ ಸ್ಟೇಷನ್ ಪೂರ್ವಕ್ಕೆ ಇಳಿದು ನಡ್ಕೊಂಡು ಹೋಗಿ. ಭಾವು ದಾಜಿ ಲಾಡ್ ಮ್ಯೂಸಿಯಂ ಮುಂಬೈನ ಅತಿ ಹಳೇ ಮ್ಯೂಸಿಯಂ, 1872ರಲ್ಲಿ ಜನರಿಗೆ ತೆಗೆದಿದ್ದು, ಆಗ ಹೆಸರು ವಿಕ್ಟೋರಿಯಾ ಅಂಡ್ ಆಲ್ಬರ್ಟ್, 1975ರಲ್ಲಿ ಡಾಕ್ಟರ್ ಭಾವು ದಾಜಿ ಹೆಸರಿಟ್ರು, ಆ ಮ್ಯೂಸಿಯಂ ಆಗೋಕೆ ಓಡಾಡಿದವರಲ್ಲಿ ಅವರೂ ಒಬ್ರು. ಒಂದು ಕಾಲಕ್ಕೆ ಪಾಳು ಬಿದ್ದಿತ್ತು, ರಿಪೇರಿ ಮಾಡಿದ ರೀತಿಗೆ 2005ರಲ್ಲಿ ಯುನೆಸ್ಕೋದ ಏಷ್ಯಾ–ಪೆಸಿಫಿಕ್ ಪ್ರಶಸ್ತಿ ಬಂತು. ಒಳಗೆ ಕಾಲಿಟ್ಟ ಕೂಡ್ಲೇ ಹಸಿರು ಬಣ್ಣ, ಚಿನ್ನದ ಗೀರು, ಎರಕದ ಕಬ್ಬಿಣದ ಕಂಬಗಳು. ಟಿಕೆಟ್ ಚಿಲ್ಲರೆ ದುಡ್ಡು. ಮಕ್ಕಳಿಗೆ ಇದೇ ಜಾಗ ಇಷ್ಟ ಆಗೋದು, ಯಾಕಂದ್ರೆ ಪುಟ್ಟ ಪುಟ್ಟ ಮಣ್ಣಿನ ಗೊಂಬೆಗಳಿವೆ, ಹಳೇ ಬೊಂಬಾಯಿಯ ಬೇರೆ ಬೇರೆ ಜನ, ಅವರ ಪೇಟ, ಸೀರೆ, ಕಸುಬು, ಎಲ್ಲಾ ಕೈಯಷ್ಟುದ್ದದ ಗೊಂಬೆಗಳಲ್ಲಿ. ಊರಿನ ಹಳೇ ನಕ್ಷೆಗಳಿವೆ, ಏಳು ದ್ವೀಪ ಸೇರಿ ಒಂದು ಊರಾಗಿದ್ದು ಅಲ್ಲಿ ನೋಡಿದ್ರೆ ಅರ್ಥ ಆಗುತ್ತೆ.

ಹೊರಗೆ ಬಂದ್ಮೇಲೆ ಅಂಗಳದಲ್ಲಿರೋ ಕಲ್ಲಾನೆ ಹತ್ರ ಹೋಗಿ. ಇದು ಘಾರಾಪುರಿ ದ್ವೀಪದ್ದು, ಈ ಆನೆ ನೋಡಿಯೇ ಪೋರ್ಚುಗೀಸರು ಆ ದ್ವೀಪಕ್ಕೆ ಎಲಿಫೆಂಟಾ ಅಂತ ಹೆಸರಿಟ್ಟಿದ್ದು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸೋಕೆ ಹೋದ್ರು, ಎತ್ತುವಾಗ ಕ್ರೇನ್ ಮುರಿದು ಆನೆ ಚೂರು ಚೂರಾಯ್ತು, ಹಾಗಾಗಿ ಇಲ್ಲೇ ಉಳೀತು, 1914ರಲ್ಲಿ ತುಂಡುಗಳನ್ನ ಜೋಡಿಸಿ ನಿಲ್ಲಿಸಿದ್ರು. ಹತ್ರದಿಂದ ನೋಡಿದ್ರೆ ಜೋಡಿಸಿದ ಗೆರೆಗಳು ಕಾಣ್ಸುತ್ತೆ. ಮತ್ತೆ ನಿನ್ನೆ ನೋಡಿದ ಕುದುರೆಯ ಅಸಲಿ ಕೂಡ ಈ ಕಡೆಗೇ ಬಂದಿದ್ದು: ಏಳನೇ ಎಡ್ವರ್ಡ್ ಕೂತಿರೋ ಹಳೇ ಕಾಲಾ ಘೋಡಾನ 1965ರಲ್ಲಿ ಅಲ್ಲಿಂದ ತೆಗೆದು ರಾಣಿ ಬಾಗ್‌ಗೆ ತಂದ್ರು. ಆ ಏರಿಯಾಗೆ ಹೆಸರು ಮಾತ್ರ ಉಳೀತು.

ಹನ್ನೆರಡೂವರೆಗೆ ಹೊರಟುಬಿಡಿ. ಭಾಯ್ಖಳಾದಿಂದ ಸ್ಲೋ ಟ್ರೈನು, ಚಿಂಚ್‌ಪೋಕ್ಲಿ, ಕರೀ ರೋಡ್, ಪರೇಲ್, ದಾದರ್, ಆಮೇಲೆ ಮಾಟುಂಗಾ. ಸ್ಟೇಷನ್ ಎದುರಿಗೇ ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿ ಎ. ರಾಮ ನಾಯಕ್ಸ್ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ನಡೀತಿದೆ. ಮೊದ್ಲು ಕೌಂಟರ್‌ನಲ್ಲಿ ದುಡ್ಡು ಕೊಟ್ಟು ಕೂಪನ್ ತಗೋಬೇಕು, ಆಮೇಲೆ ಕಾಯಬೇಕು. ಎರಡು ಥರ ಊಟ ಇದೆ, ಲಿಮಿಟೆಡ್ಡು ಮತ್ತೆ ಎಲೆ ಊಟ. ದಿನಾ ತಿನ್ನೋ ಆಫೀಸಿನವರು ಲಿಮಿಟೆಡ್ ತಗೋತಾರೆ, ನೀವು ಒಂದು ದಿನದ ಅತಿಥಿ, ಎಲೆ ಊಟವನ್ನೇ ತಗೊಳ್ಳಿ, ದರ ಜಾಸ್ತಿ ಆದ್ರೂ ಬೇಕಾದಷ್ಟು ಬಡಿಸ್ತಾರೆ. ಪಲ್ಯ, ಸಾಂಬಾರು, ಸಾರು, ಅನ್ನ, ಮೊಸರು, ಹಪ್ಪಳ. ಸಾರಿಗೆ ಬಂದಾಗ ಆತುರ ಬೇಡ, ಒಂದು ಲೋಟದಲ್ಲಿ ಬೇರೆ ಹಾಕಿಸ್ಕೊಂಡು ಕುಡೀರಿ. ಎಲೆಯಲ್ಲಿ ಬಿಡಬೇಡಿ, ಬೇಕಾದಷ್ಟೇ ಹಾಕಿಸ್ಕೊಳ್ಳಿ. ಶನಿವಾರ, ಭಾನುವಾರ ಕ್ಯೂ ಉದ್ದ ಇರುತ್ತೆ, ಹಾಗಾಗಿ ಒಂದು ಗಂಟೆ ಒಳಗೆ ಅಲ್ಲಿರೋ ಹಾಗೆ ನೋಡ್ಕೊಳ್ಳಿ.

ಊಟ ಆದ್ಮೇಲೆ ಮಾಟುಂಗಾದಲ್ಲೇ ಒಂದು ಸುತ್ತು ಹೊಡೀರಿ, ಇದನ್ನೂ ಮ್ಯೂಸಿಯಂ ಅಂತಲೇ ಲೆಕ್ಕ ಹಾಕ್ಕೊಳ್ಳಿ. ಹೂವಿನ ಅಂಗಡಿ, ಬಾಳೆಎಲೆ, ಫಿಲ್ಟರ್ ಕಾಫಿಪುಡಿ. ಭಾವು ದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಕನ್ನಡ ನಾಟಕ, ಉಪನ್ಯಾಸ ನಡೆಯೋ ಜಾಗ, ಬೋರ್ಡಿನಲ್ಲಿ ಕಾರ್ಯಕ್ರಮ ಏನಾದ್ರೂ ಇದ್ಯಾ ನೋಡಿ. ಬೆಳಿಗ್ಗೆಯಿಂದ ಹೋಟೆಲ್‌ನಲ್ಲಿ ಟೇಬಲ್ ಒರೆಸಿ ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹುಡುಗರು ಈ ಊರಲ್ಲಿ ಸಾವಿರಾರು, ಅವರಲ್ಲೇ ಎಷ್ಟೋ ಜನ ಮುಂದೆ ಸ್ವಂತ ಹೋಟೆಲ್ ಇಟ್ರು. ಗಲ್ಲಾದಲ್ಲಿ ಹಿರಿಯರು ಕೂತಿದ್ರೆ ಕನ್ನಡದಲ್ಲೋ ತುಳುವಲ್ಲೋ ಮಾತಾಡಿಸಿ ನೋಡಿ, ರಶ್ ಇಲ್ಲದ ಹೊತ್ತಲ್ಲಿ ಮಾತ್ರ.

ಸಂಜೆ ಕಿಂಗ್ಸ್ ಸರ್ಕಲ್‌ನ ಕೆಫೆ ಮದ್ರಾಸ್‌ನಲ್ಲಿ ರಸಂ ವಡೆ, ರಾಗಿ ದೋಸೆ. ಕಾಮತ್ ಕುಟುಂಬದ್ದು, 1940ರಿಂದ ಇದೆ. ಕ್ಯೂ ಜಾಸ್ತಿ ಇದ್ರೆ ಅಲ್ಲೇ ಹತ್ರ ಕೆಫೆ ಮೈಸೂರು ಇದೆ, ಅದು 1936ರದ್ದು, ಅಷ್ಟೇ ಚೆನ್ನಾಗಿರುತ್ತೆ.

ಹೆಜ್ಜೆ 6: ಮೂರನೇ ದಿನ ನಿಮ್ಮ ಆಯ್ಕೆ

ಮಕ್ಕಳಿದ್ರೆ ವರ್ಲಿಯ ನೆಹರು ಸೈನ್ಸ್ ಸೆಂಟರ್, 1985ರದ್ದು, ಮುಟ್ಟಿ ತಿರುಗಿಸಿ ನೋಡೋ ಮಾಡೆಲ್‌ಗಳು, ಹೊರಗೆ ಹಳೇ ಸ್ಟೀಮ್ ಇಂಜಿನ್. ವರ್ಷದಲ್ಲಿ ಹೋಳಿ, ದೀಪಾವಳಿ ಬಿಟ್ರೆ ಹೆಚ್ಚುಕಮ್ಮಿ ಎಲ್ಲಾ ದಿನ ತೆಗೆದಿರುತ್ತೆ, ಮೆಟ್ರೋ ಸ್ಟೇಷನ್ನೂ 'ಸೈನ್ಸ್ ಸೆಂಟರ್' ಅನ್ನೋ ಹೆಸರಲ್ಲೇ ಇದೆ.

ದೊಡ್ಡವರೇ ಇದ್ರೆ ಗ್ರಾಂಟ್ ರೋಡ್ ಸ್ಟೇಷನ್‌ನಿಂದ ನಡ್ಕೊಂಡು ಗಾಂವದೇವಿಯ ಮಣಿ ಭವನಕ್ಕೆ ಹೋಗಿ, ಫ್ರೀ. 1917ರಿಂದ 1934ರ ತನಕ ಗಾಂಧೀಜಿ ಮುಂಬೈಗೆ ಬಂದಾಗ ಉಳಿತಿದ್ದ ಮನೆ, 1932ರ ಜನವರಿ 4ರ ಬೆಳಗಿನ ಜಾವ ಅವರನ್ನ ಅರೆಸ್ಟ್ ಮಾಡಿದ್ದು ಇದರ ಟೆರೇಸ್‌ನಲ್ಲಿದ್ದ ಡೇರೆಯಿಂದ. ಅವರ ಕೋಣೆಯಲ್ಲಿ ಚರಕ, ಹಾಸಿಗೆ, ಇಷ್ಟೇ ಇಷ್ಟು ಸಾಮಾನು. ಅಲ್ಲಿಂದ ಟ್ಯಾಕ್ಸಿಯಲ್ಲಿ ಪೆಡ್ಡರ್ ರೋಡಿನ ಭಾರತೀಯ ಸಿನಿಮಾ ಮ್ಯೂಸಿಯಂ ಹತ್ರ, 2019ರಲ್ಲಿ ಶುರುವಾಗಿದ್ದು, ಟಿಕೆಟ್ 20. ಆ ಏರಿಯಾ ಶ್ರೀಮಂತರದ್ದು, ಅಲ್ಲಿ ಊಟ ಹುಡುಕಬೇಡಿ, ಧೋಬಿ ತಲಾವ್‌ಗೆ ಬಂದುಬಿಡಿ, ಅಲ್ಲಿ 1904ರ ಕಯಾನಿ ಇರಾನಿ ಹೋಟೆಲ್ ಇದೆ, ಬನ್ ಮಸ್ಕಾ, ಚಹಾ, ಮೊಟ್ಟೆ ತಿನ್ನೋರಿಗೆ ಆಮ್ಲೆಟ್.

ಖರ್ಚಿನ ಅಂದಾಜು ಬೇಕಾದ್ರೆ, ಈ ಥರ ಓಡಾಡಿದ್ರೆ ಒಬ್ಬರಿಗೆ ದಿನಕ್ಕೆ ತಿಂಡಿ, ಊಟ, ಸಂಜೆ ತಿಂಡಿ, ಟ್ರೈನ್, ಟಿಕೆಟ್ ಎಲ್ಲಾ ಸೇರಿ ಸಾವಿರದೊಳಗೆ ಆರಾಮಾಗಿ ಮುಗಿಯುತ್ತೆ, ರೂಮ್ ಬಿಟ್ಟು. ಟ್ಯಾಕ್ಸಿ ಹಿಡಿಯೋಕೆ ಶುರು ಮಾಡಿದ್ರೆ ಮಾತ್ರ ಲೆಕ್ಕ ತಪ್ಪುತ್ತೆ.

ಹೆಜ್ಜೆ 7: ಎಲಿಫೆಂಟಾ ಸೇರಿಸೋದಾದ್ರೆ

ಕಲ್ಲಾನೆ ನೋಡಿದವರು ಅದರ ಊರನ್ನೂ ನೋಡ್ಬೇಕು. ಸೋಮವಾರ ಬಿಟ್ಟು ಬೇರೆ ದಿನ, ಗೇಟ್‌ವೇ ಹತ್ರ ಬೆಳಗಿನ ಮೊದಲ ದೋಣಿಗಳಲ್ಲೇ ಹೋಗಿ, ಒಂದು ಗಂಟೆ ಪ್ರಯಾಣ. ಗುಹೆ ಟಿಕೆಟ್ ಭಾರತೀಯರಿಗೆ 40, ದೋಣಿಯದ್ದು ಬೇರೆ. ಮಳೆಗಾಲದಲ್ಲಿ ಸಮುದ್ರ ಜೋರಿದ್ದಾಗ ದೋಣಿ ಬಿಡಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಇದನ್ನ ನಂಬ್ಕೊಂಡು ಪ್ಲ್ಯಾನ್ ಮಾಡ್ಬೇಡಿ. ಮೆಟ್ಟಿಲು ನೂರಕ್ಕೂ ಮೇಲೆ, ಮಂಡಿನೋವಿನವರು ಯೋಚ್ನೆ ಮಾಡಿ. ತಿಂಡಿ ಕೈಯಲ್ಲಿ ಹಿಡ್ಕೊಂಡು ಹತ್ತಬೇಡಿ, ಮಂಗಗಳು ಕಿತ್ಕೊಳ್ಳುತ್ತೆ, ಬ್ಯಾಗಲ್ಲಿ ಜಿಪ್ ಹಾಕಿಡಿ. ದೊಡ್ಡ ಗುಹೆಯಲ್ಲಿ ಮೂರು ಮುಖದ ಶಿವನ ಮುಂದೆ ಬೆಳಕು ಕಣ್ಣಿಗೆ ಹೊಂದ್ಕೊಳ್ಳೋ ತನಕ ನಿಲ್ಲಿ, ಎರಡು ಪಕ್ಕದ ಮುಖಗಳ ವ್ಯತ್ಯಾಸ ಆಮೇಲೇ ಕಾಣೋದು, ಒಂದು ಸಿಟ್ಟಿಂದು, ಒಂದು ಸೌಮ್ಯ.

ದ್ವೀಪದ ಮೇಲೆ ಊಟ ಮಾಡ್ಬೇಡಿ, ದರಕ್ಕೆ ತಕ್ಕ ಹಾಗಿರಲ್ಲ. ಬಿಸ್ಕತ್ತು, ಬಾಳೆಹಣ್ಣು, ನೀರು ಇಟ್ಕೊಂಡು ಹೋಗಿ, ಎರಡು ಗಂಟೆ ಸುಮಾರಿಗೆ ಗೇಟ್‌ವೇಗೆ ವಾಪಸ್ ಬನ್ನಿ. ಆ ಹೊತ್ತಿಗೆ ಫೋರ್ಟ್ ಲಂಚ್ ಹೋಮ್‌ಗಳಲ್ಲಿ ಆಫೀಸಿನವರ ರಶ್ ಇಳಿದಿರುತ್ತೆ, ಬಂಗುಡೆ ಇನ್ನೂ ಉಳಿದಿರುತ್ತೆ. ಮೂರು ದಾಟಿದ್ರೆ ಸುಮಾರು ಕಡೆ ಅಡುಗೆಮನೆ ಮುಚ್ಚಿ ಸಂಜೆಗೇ ತೆಗೆಯೋದು, ಅದಕ್ಕೆ ಫೋಟೋ ಗೀಟೋ ಎಲ್ಲಾ ಆಮೇಲೆ, ದೋಣಿ ಇಳಿದ ಕೂಡ್ಲೇ ಸೀದಾ ಊಟಕ್ಕೆ ನಡೀರಿ.